ಹುಳು ಮನೆಯಲ್ಲಿ ಕೋಳಿ ಮರಿ

ಪ್ರಶ್ನೆ: ರೇಷ್ಮೆ ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಹುಳು ಮನೆಯಲ್ಲಿ 100 ಗಿರಿರಾಜ ಮರಿ ತಂದು ಬಿಟ್ಟಿದ್ದೇವೆ. ಕೆಳಗೆ ಭತ್ತದ ಹೊಟ್ಟು, ಮೇಲೆ ಬಲ್ಬು. ವಾರ ಕಳೆಯುವುದರೊಳಗೆ ವಾಸನೆ ತಡೆಯಲಾಗುತ್ತಿಲ್ಲ. ಹೊಟ್ಟನ್ನು ದಿನಾ ಬದಲಿಸಬೇಕೆ? ಹುಳು ಮನೆಗೆ ಬಳಸುತ್ತಿದ್ದ ಬ್ಲೀಚಿಂಗ್ ಪೌಡರ್, ಸುಣ್ಣ ಉದುರಿಸಬಹುದೆ?
– ಓದುಗರೊಬ್ಬರು, ಮುಳಬಾಗಿಲು ತಾಲ್ಲೂಕು

ಉತ್ತರ: ದಿನಾ ಬದಲಿಸುವುದು ಬೇಡ. ಮರಿಗಳು ಒಳಗಿರುವಾಗ ಬ್ಲೀಚಿಂಗ್ ಪೌಡರ್ ಅಂತೂ ಹೊಟ್ಟಿನ ಮೇಲೆ ಬೀಳಲೇಬಾರದು.

ರೇಷ್ಮೆ ಸಾಕಿದವರಿಗೆ ಶುಚಿಯ ಪಾಠ ಹೇಳಬೇಕಿಲ್ಲ. ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಿ ಹೋದರೂ ಹುಳು ಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದರೆ ಮನೆಯೊಡತಿ ಬೈಯದೆ ಬಿಡುವುದಿಲ್ಲ. ಚಾಕಿ ಹುಳುವಿನ ಕೆಲಸ ಮುಗಿಸಿಕೊಂಡೇ ದೊಡ್ಡ ಹುಳುವಿನ ಹತ್ತಿರ ಹೋಗುವ ರೂಢಿಯೂ ಹಾಗೆಯೇ. ಇವೆರಡೂ ಮರಿಗೆ ಹಾಗೇ ಸಲ್ಲುತ್ತವೆ: ಬ್ರೂಡರ್, ಅಂದರೆ ಮರಿಗೆ ಕಾವು ಕೊಡುವ ಜಾಗದ ಕೆಲಸ ಮೊದಲು, ಹಿತ್ತಲ ಕೋಳಿಗಳಿಗೆ ಕಾಳು ಆಮೇಲೆ. ದಾರಿ ತಪ್ಪಿಸುವುದು ಹಾಸಿಗೆಯ ವಿಚಾರ. ಹುಳುವಿನ ಹಾಸಿಗೆಯನ್ನು ಮತ್ತೆ ಮತ್ತೆ ತೆಗೆದು ಹೊಸದು ಮಾಡುತ್ತೇವೆ. ಮರಿಯ ಹಾಸು ಇದ್ದಲ್ಲೇ ಇರಬೇಕು, ಒಣಗಿರಬೇಕು. 1940ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಹಳೆಯ ಹಾಸನ್ನು ಒಣಗಿಸಿಯೇ ಉಳಿಸಿಕೊಂಡು ಮರಿ ಸಾಕಿ ನೋಡಿದರು. ಮರಿಗಳು ಚೆನ್ನಾಗಿಯೇ ಬೆಳೆದವು. ಹಳೆ ಹಾಸಿನ ಮೇಲೆ ಹೊಸ ಮರಿ ಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಸಣ್ಣ ಸಾಕಣೆಗೆ ಪ್ರತಿ ತಂಡಕ್ಕೂ ಹೊಸ ಹೊಟ್ಟೇ ಕ್ಷೇಮ.

ನಿಮ್ಮನ್ನು ಕಾಡುತ್ತಿರುವ ವಾಸನೆ ಅಮೋನಿಯಾದ್ದು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುತ್ತದೆ. ಅವಕ್ಕೆ ಬೇಕಾದದ್ದು ತೇವ ಮತ್ತು ಬಿಸಿ. ಬಿಸಿಯನ್ನು ನಾವೇ ಬಲ್ಬು ಕಟ್ಟಿ ಕೊಟ್ಟಿರುತ್ತೇವೆ, ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ತೇವವೊಂದೇ. ನಿಂತುಕೊಂಡು ಮೂಸಿದರೆ ಸಾಲದು. ಕುಕ್ಕರಗಾಲಲ್ಲಿ ಕೂತು ಮುಖವನ್ನು ಮರಿಯ ಎತ್ತರಕ್ಕೆ ತನ್ನಿ. ಕಣ್ಣು ಉರಿದರೆ, ಮರಿ ಹಗಲೂ ರಾತ್ರಿ ಅದೇ ಗಾಳಿ ಕುಡಿಯುತ್ತಿದೆ ಎಂದು ತಿಳಿಯಿರಿ. ಗಾಳಿಯಲ್ಲಿ ಅಮೋನಿಯಾ 25 ಪಿಪಿಎಂ ದಾಟಿದರೆ ಮರಿಯ ಕಣ್ಣಿಗೂ ಶ್ವಾಸನಾಳಕ್ಕೂ ಪೆಟ್ಟು. ದಿನಾ ಒಳಗೆ ಓಡಾಡುವವರ ಮೂಗು ಒಗ್ಗಿಹೋಗಿರುತ್ತದೆ, ಪಕ್ಕದ ಮನೆಯವರನ್ನು ಕರೆದು ಮೂಸಿಸುವುದು ವಾಸಿ.

ಒದ್ದೆ ಹೊಟ್ಟಿಗೆ ಸುಣ್ಣ ಉದುರಿಸಿದರೆ ಅದರ ಕ್ಷಾರಕ್ಕೆ ಅಮೋನಿಯಾ ಇನ್ನೂ ಬೇಗ ಮೇಲೇಳುತ್ತದೆ. ಬ್ಲೀಚಿಂಗ್ ಪೌಡರ್ ಅಮೋನಿಯಾದ ಜೊತೆ ಸೇರಿದರೆ ಕ್ಲೋರಮಿನ್ ಎಂಬ ವಿಷದ ಗಾಳಿ. ಫಾರ್ಮಲಿನ್ ಮಾತೇ ಬೇಡ. ಇವುಗಳ ಜಾಗ ಖಾಲಿ ಮನೆ. ಅಲ್ಲೂ ಮೊದಲು ಜೇಡರ ಬಲೆ, ಹಳೆ ಹಾಸು ತೆಗೆದು, ಸೋಪು ನೀರಲ್ಲಿ ಉಜ್ಜಿ ತೊಳೆದು ಒಣಗಿಸಬೇಕು. ಕೊಳೆಯ ಮೇಲೆ ಎಷ್ಟು ಔಷಧಿ ಸುರಿದರೂ ಅದು ಕೊಳೆಗೇ ಖರ್ಚಾಗುತ್ತದೆ. ಸುಣ್ಣ ಬಳಿದ ಮೇಲೆ ಎರಡು ವಾರ ಮನೆ ಖಾಲಿ ಬಿಡಿ.

ಈಗ ತೇವ ಎಲ್ಲಿಂದ ಬರುತ್ತಿದೆ ನೋಡೋಣ. ನೂರಕ್ಕೆ ತೊಂಬತ್ತು ಪಾಲು ಡ್ರಿಂಕರ್‌ನಿಂದ ಎಂದೇ ನನ್ನ ಅನುಮಾನ. ಅದನ್ನು ನೇರವಾಗಿ ಹೊಟ್ಟಿನ ಮೇಲೆ ಇಟ್ಟರೆ ಮರಿ ಕೆದಕಿ ಹೊಟ್ಟನ್ನು ನೀರಿಗೆ ತುಂಬುತ್ತದೆ, ನೀರನ್ನು ಹೊಟ್ಟಿಗೆ ಚೆಲ್ಲುತ್ತದೆ. ಕೆಳಗೆ ಇಟ್ಟಿಗೆ ಕೊಟ್ಟು, ನೀರಿನ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಎತ್ತರಿಸಿ. ಮರಿ ಬೆಳೆದಂತೆ ಇಟ್ಟಿಗೆಯೂ ಬೆಳೆಯಬೇಕು. 50 ಮರಿಗೆ ಒಂದು ಡ್ರಿಂಕರ್, ದಿನಕ್ಕೆರಡು ಸಲ ತೊಳೆತ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ನಿಮಗೆ ಗೊತ್ತೇ ಇದೆ. ಡ್ರಿಂಕರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಬೆರಳಾಡಿಸಿ ನೋಡಿ, ಆ ಒರಟಿನ ಮೇಲೆ ಜಾರುವ ಲೋಳೆ ಸಿಗುತ್ತದೆ. ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವುದು ಅಲ್ಲೇ. ಬರೀ ನೀರಿಗೆ ಅದು ಬಿಡದು. ಹಿತ್ತಾಳೆ ಬಿಂದಿಗೆಗೆ ಹಾಕುವ ಹುಣಸೆಹಣ್ಣೇ ಇಲ್ಲೂ ಮದ್ದು, ಆದರೆ ಆ ಹುಳಿಯ ಜೊತೆ ಬ್ಲೀಚಿಂಗ್ ಬೆರೆಸಬೇಡಿ. ಕೊಕ್ಕರೆ ರೋಗದ ಲಸೋಟ ಲಸಿಕೆಯನ್ನು ನೀರಲ್ಲಿ ಕೊಡುವುದಾದರೆ ಹಿಂದಿನ ದಿನದಿಂದಲೇ ಕ್ಲೋರಿನ್, ಸೋಪು ಎಲ್ಲ ನಿಲ್ಲಿಸಿ.

ಹೊಟ್ಟು 2–3 ಅಂಗುಲ ದಪ್ಪ ಸಾಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ಮುದ್ದೆಯಂತೆ ಉಂಡೆ ನಿಂತರೆ ತೇವ ಹೆಚ್ಚು. ಕೈ ಬಿಟ್ಟೊಡನೆ ಉದುರಿದರೆ ಸರಿ. ದಿನಕ್ಕೊಮ್ಮೆ ಕೆದಕಿ, ಡ್ರಿಂಕರ್ ಸುತ್ತ ಗಂಟು ಕಟ್ಟಿದ್ದನ್ನಷ್ಟೇ ಮಂಕರಿಗೆ ತುಂಬಿ ಹೊರಗೆ ಹಾಕಿ, ಆ ಜಾಗಕ್ಕೆ ಹೊಸ ಹೊಟ್ಟು ಹರಡಿ. ಹೊಟ್ಟು ಸಿಗದೆ ಕಡಲೆಕಾಯಿ ಸಿಪ್ಪೆ ಬಳಸುವವರು ಬೂಷ್ಟು ಹಿಡಿದ ಮೂಟೆಯನ್ನು ಮುಟ್ಟಬಾರದು. ಅದರ ಬೀಜಕಗಳು ಎಳೆಯ ಶ್ವಾಸಕೋಶಕ್ಕೆ ಹೋದರೆ ಬ್ರೂಡರ್ ನ್ಯುಮೋನಿಯಾ. ಮರಿ ಬಾಯಿ ತೆರೆದು ಏದುಸಿರು ಬಿಡುತ್ತದೆ.

ಇನ್ನು ಚಳಿ. ಧನುರ್ಮಾಸದ ರಾತ್ರಿ ಮರಿ ನಡುಗೀತೆಂದು ಗೋಣಿಚೀಲ ಕಟ್ಟಿ ಕಿಟಕಿಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಕೆಳಗೆ ಮುಚ್ಚಿ, ಮೇಲೆ ಒಂದಡಿ ಬಿಡಿ. ಶಾಖ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ 5ರಂತೆ ಇಳಿಸುತ್ತಾ ಬನ್ನಿ. ಕಟ್ಟಿದ್ದು ಎಲ್‌ಇಡಿ ಬಲ್ಬಾಗಿದ್ದರೆ ಬೆಳಕಷ್ಟೇ, ಕಾವು ಇಲ್ಲ. ಮರಿಗಳು ಒಂದರ ಮೇಲೊಂದು ಒತ್ತಿಕೊಳ್ಳುವುದು ಅದಕ್ಕೇ. ಒತ್ತಿಕೊಂಡ ಕಡೆ ಹಿಕ್ಕೆ ರಾಶಿಯಾಗಿ ಹೊಟ್ಟು ಕೆಡುತ್ತದೆ. ಹುಳು ಮನೆಯ ಚೌಕ ಮೂಲೆಗಳು ಇದಕ್ಕೆ ಇನ್ನಷ್ಟು ಅನುಕೂಲ. ಒಂದೂವರೆ ಅಡಿ ಎತ್ತರದ ತಗಡನ್ನು ಮರಿಗಳ ಸುತ್ತ 5–6 ಅಡಿ ಅಗಲಕ್ಕೆ ದುಂಡಗೆ ನಿಲ್ಲಿಸಿ.

ಮೂರನೇ ವಾರದಿಂದ ಹಿಕ್ಕೆಯ ಬಣ್ಣ ನೋಡುತ್ತಿರಿ. ಕೆಂಪು ಕಂಡರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ಇರಬಹುದು. ಅದರ ಮೊಟ್ಟೆಯಂಥ ಕಣಗಳು ಒದ್ದೆ ಹಾಸಿನಲ್ಲಿ ಒಂದೆರಡು ದಿನಕ್ಕೇ ಸೋಂಕಿಗೆ ಸಿದ್ಧವಾಗುತ್ತವೆ, ಬ್ಲೀಚಿಂಗ್‌ಗೆ ಜಗ್ಗುವುದಿಲ್ಲ. ಗಿರಿರಾಜ ಗಟ್ಟಿ ಕೋಳಿ ಎಂಬ ಮಾತು ನಿಜ, ಆದರೆ ಹೆಬ್ಬಾಳದಲ್ಲಿ ರೂಪಿಸಿದ ಈ ತಳಿಗೂ ಎಳೆತನದಲ್ಲಿ ರಕ್ತಭೇದಿಯಿಂದ ರಿಯಾಯಿತಿ ಇಲ್ಲ. ಮರಿ ಸತ್ತರೆ ನಾಯಿಗೆ ಎಸೆಯದೆ, ಅಂದೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಕೊಯ್ದು ಕರುಳು ನೋಡಿದರೆ ವೈದ್ಯರಿಗೆ ಬೇಗ ತಿಳಿಯುತ್ತದೆ, ಔಷಧಿಯನ್ನೂ ಅವರೇ ಬರೆದುಕೊಡಲಿ.