ಜಾಲದ ಪೇಟೆಯಲ್ಲಿ ತಡೆದಿಟ್ಟ ಹಣವೂ ಪುನಃ ಮಾರಾಟಕ್ಕೆ ಇಳಿಯುವ ಕ್ರಮವೂ

ಕಡೂರು ತಾಲ್ಲೂಕಿನ ದೇವನೂರು, ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶ ಕವಿಯ ಊರೆಂದು ಕನ್ನಡಿಗರು ಬಲ್ಲರು. ಈ ಸೀಮೆಯಲ್ಲಿ ರಾಗಿ, ಈರುಳ್ಳಿಗಳೊಡನೆ ತೆಂಗು ಅಡಿಕೆಗಳೂ ಮುಖ್ಯವಾದ ಹುಟ್ಟುವಳಿಗಳು. ತೆಂಗಿನ ಬೆಳೆಗಾರನಿಗೆ ಕಾಯುವುದು ಹೊಸ ಸಂಗತಿಯಲ್ಲ. ಉಂಡೆ ಕೊಬ್ಬರಿಯಾಗಬೇಕಾದ ಕಾಯಿಯು ಅಟ್ಟದ ಮೇಲೆ 8ರಿಂದ 12 ತಿಂಗಳವರೆಗೆ ಒಣಗಬೇಕು; ಅಷ್ಟು ಕಾಲವೂ ಆತನು ಧಾರಣೆಯ ಏರಿಳಿತಗಳನ್ನು ನೋಡುತ್ತ ಸುಮ್ಮನಿರುವನು. ಆದರೆ ಅಟ್ಟದ ಮೇಲಿನ ಕಾಯಿ ಅವನ ಮನೆಯೊಳಗೇ ಇರುವುದು. ಮಾಲು ಮನೆಬಿಟ್ಟು ಹೋಗಿ, ಕೊಂಡವನು ಹಣವನ್ನು ಕೊಟ್ಟೂ, ಆ ಹಣವು ಮಧ್ಯೆ ಎಲ್ಲಿಯೋ ನಿಂತಾಗ ಆಗುವ ಕಷ್ಟವು ಬೇರೆ ಬಗೆಯದು.

ಇತ್ತೀಚಿನ ವರ್ಷಗಳಲ್ಲಿ ಕೊಬ್ಬರಿ ಎಣ್ಣೆ, ಬೆಲ್ಲ, ರಾಗಿ ಹಿಟ್ಟು, ಅಡಿಕೆ ಹಾಳೆಯ ತಟ್ಟೆ ಮುಂತಾದ ಪದಾರ್ಥಗಳನ್ನು ಮೊಬೈಲು ಮತ್ತು ಕಂಪ್ಯೂಟರುಗಳ ಮೂಲಕ ದೂರದ ಪಟ್ಟಣಗಳ ಮನೆಗಳಿಗೇ ಮಾರುವ ಪದ್ಧತಿಯು ಹಳ್ಳಿಗಳಿಗೂ ಬಂದಿದೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮೊದಲಾದವು ಇಂಥ ಪೇಟೆಗಳು. ಇವುಗಳಲ್ಲಿ ಮಾರಲಾರಂಭಿಸಿದ ಅನೇಕರು ಮೊದಲನೆಯ ತಿಂಗಳಿನಲ್ಲಿಯೇ ಕೇಳುವ ಪ್ರಶ್ನೆಯೆಂದರೆ, "ಮಾಲು ತಲಪಿದೆ, ಗಿರಾಕಿಯು ಹಣ ಕೊಟ್ಟಿದ್ದಾನೆ, ನಮ್ಮ ಖಾತೆಗೇಕೆ ಬರಲಿಲ್ಲ?" ಎಂಬುದು. ಉತ್ತರವನ್ನು ಸರಿಯಾಗಿ ತಿಳಿಯದೆ ಕೆಲವರು ವ್ಯಾಪಾರವನ್ನೇ ಬಿಡುವರು. ಮತ್ತೆ ಕೆಲವರು ಅವಸರಪಟ್ಟು ಇನ್ನೂ ದೊಡ್ಡ ತೊಡಕಿಗೆ ಸಿಕ್ಕುವರು.

ಹಳೆಯ ಮಂಡಿಯ ವ್ಯವಹಾರವನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಉಪಯುಕ್ತ. ಹಿಂದೆ ಮಂಡಿಯವನು ಮಾಲನ್ನು ಇಳಿಸಿಕೊಂಡು, ಮುಂಗಡವನ್ನು ಮುರಿದುಕೊಂಡು, ಉಳಿದ ಬಾಕಿಯನ್ನು ತನಗೆ ತೋರಿದ ದಿನ ಕೊಡುತ್ತಿದ್ದುದುಂಟು. ಈ ಅವ್ಯವಸ್ಥೆಯನ್ನು ತಪ್ಪಿಸುವುದಕ್ಕಾಗಿಯೇ ನಿಯಂತ್ರಿತ ಮಾರುಕಟ್ಟೆಗಳು ಏರ್ಪಟ್ಟವು. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಪ್ರಕಾರ ದಲಾಲಿಯನ್ನು ಕೊಳ್ಳುವವನಿಂದ ತೆಗೆದುಕೊಳ್ಳತಕ್ಕದ್ದೇ ಹೊರತು ಮಾರುವ ರೈತನಿಂದಲ್ಲ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯೂ, 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರದ ಇ-ನಾಮ್ ಏರ್ಪಾಡೂ ಪ್ರಾರಂಭವಾಗಿ, ಹರಾಜಿನ ಹಣವನ್ನು ರೈತನ ಬ್ಯಾಂಕು ಖಾತೆಗೇ ನೇರವಾಗಿ ಜಮೆ ಮಾಡುವ ಮಾರ್ಗವು ತೆರೆಯಿತು. ಇವುಗಳಲ್ಲಿ ಕೊಳ್ಳುವವನು ಪರವಾನಗಿ ಪಡೆದ ವರ್ತಕ. ಮಾಲನ್ನು ಪ್ರಾಂಗಣದಲ್ಲಿಯೇ ಪರೀಕ್ಷಿಸಿ ಕೂಗುವನು. ತೂಕವಾದ ಮೇಲೆ ಹಿಂದಿರುಗಿಸುವ ಮಾತಿಲ್ಲ. ಜಾಲದ ಪೇಟೆಯಲ್ಲಿಯಾದರೋ ಕೊಳ್ಳುವವನು ಮಾಲನ್ನು ಕಾಣದೆ ಹಣವನ್ನು ಕೊಡುವನು. ಬಂದ ಮಾಲು ಒಪ್ಪದಿದ್ದರೆ ಹಿಂದಕ್ಕೆ ಕೊಡುವೆನೆಂಬ ಭರವಸೆಯಿಂದಲೇ ಆತನು ಕೊಳ್ಳುವುದು. ಆ ಭರವಸೆಗೆ ಜಾಮೀನಾಗಿ ನಿಲ್ಲುವುದು ಮಾರಿದವನ ಹಣವೇ. ತಡೆಯ ಮೂಲವಿರುವುದು ಇಲ್ಲಿ.

ಸಾಮಾನ್ಯವಾದ ಕಾಯುವಿಕೆ

ಗಿರಾಕಿಯು ಕೊಟ್ಟ ಹಣವು ಮೊದಲು ಮಧ್ಯವರ್ತಿ ಸಂಸ್ಥೆಯು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇರಿಸಿದ ಕಾಪು ಖಾತೆಯನ್ನು ಸೇರುವುದು. ಈ ಹಣವು ಆ ಸಂಸ್ಥೆಯ ಸ್ವಂತ ಖರ್ಚಿಗೆ ಬಳಕೆಯಾಗಕೂಡದೆಂಬುದೇ ಈ ಏರ್ಪಾಡಿನ ಉದ್ದೇಶ. ರಿಸರ್ವ್ ಬ್ಯಾಂಕು 2020ರ ಮಾರ್ಚಿಯಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಹಣವನ್ನು ಮಾರಾಟಗಾರನಿಗೆ ಕೊಡುವ ದಿನವನ್ನು ಮೂರು ವಿಧವಾಗಿ ಗೊತ್ತುಮಾಡಿತ್ತು. ಮಾಲು ತಲಪಿಸುವ ಹೊಣೆಯು ಮಧ್ಯವರ್ತಿಯದಾದರೆ ಮಾಲು ರವಾನೆಯಾದ ಮರುದಿನ. ಹೊಣೆಯು ಮಾರಾಟಗಾರನದಾದರೆ ಮಾಲು ತಲಪಿದ ಮರುದಿನ. ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಹಣವನ್ನು ಇರಿಸಿಕೊಳ್ಳಬಹುದೆಂದು ಒಪ್ಪಂದದಲ್ಲಿದ್ದರೆ ಆ ಅವಧಿ ಮುಗಿದ ಮರುದಿನ. ಆದುದರಿಂದ ಒಪ್ಪಂದದಲ್ಲಿ ಏನಿದೆಯೆಂಬುದೇ ಮುಖ್ಯ. ಮೊಬೈಲಿನಲ್ಲಿ "ಒಪ್ಪಿದೆ" ಎಂದು ಒತ್ತುವ ಮೊದಲು ಹಣ ಪಾವತಿಯ ಪ್ರಕರಣವನ್ನು ಓದುವವರು ವಿರಳ. ಇಂಗ್ಲಿಷು ಬಾರದವರು ಊರಿನ ವಿದ್ಯಾವಂತ ಹುಡುಗರಿಂದ ಅದನ್ನೊಂದನ್ನಾದರೂ ಓದಿಸಿ ಕೇಳತಕ್ಕದ್ದು.

ಈ ಕಾಯುವಿಕೆಗೆ ಎಷ್ಟು ಬಂಡವಾಳ ಬೇಕೆಂಬುದನ್ನು ಲೆಕ್ಕಹಾಕಿ ನೋಡಬೇಕು. ದೇವನೂರಿನ ತೋಟದ ಯಜಮಾನನೊಬ್ಬನು ವಾರಕ್ಕೆ ಲೀಟರಿನ 100 ಬಾಟ್ಲಿ ಕೊಬ್ಬರಿ ಎಣ್ಣೆಯನ್ನು ಮಾರುವನೆಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಕೊಬ್ಬರಿಯಲ್ಲಿ ನೂರಕ್ಕೆ 60ರಿಂದ 65 ಪಾಲು ಎಣ್ಣೆ ದೊರೆಯುವುದರಿಂದ ಇದಕ್ಕೆ ಸುಮಾರು 150 ಕಿಲೋ ಕೊಬ್ಬರಿ, ಎಂದರೆ ಹೆಚ್ಚು ಕಡಿಮೆ ಸಾವಿರ ಕಾಯಿ ಬೇಕಾಗುವುದು. ಬಾಟ್ಲಿಗೆ 400 ರೂಪಾಯಿಯಾದರೆ ಒಟ್ಟು 40,000. ಪೇಟೆಯ ಶುಲ್ಕ, ಸಾಗಾಣಿಕೆ ಇತ್ಯಾದಿಗಳಿಗೆ ಕಾಲು ಭಾಗ ಹೋದರೆ ಉಳಿಯುವುದು 30,000. ಮಾಲು ತಲಪುವುದಕ್ಕೆ 6 ದಿನ, ಹಿಂದಿರುಗಿಸುವ ಅವಧಿ 10 ದಿನ, ಪಾವತಿಗೆ ಒಂದು ದಿನ, ಅಂತು 17 ದಿನ. ಯಾವ ತಕರಾರೂ ಇಲ್ಲದಿದ್ದರೂ ಈ ಯಜಮಾನನ 73,000 ರೂಪಾಯಿಗಳಷ್ಟು ಹಣವು ಸದಾಕಾಲವೂ ಹೊರಗೇ ಇರುವುದೆಂದಾಯಿತು. ಈ ನಡುವೆ ಗಾಣದ ಕೂಲಿ, ಬಾಟ್ಲಿಯ ಬೆಲೆ, ಕಾಯಿ ಸುಲಿಯುವವರ ಕೂಲಿ ಇವುಗಳನ್ನು ಕೈಯಿಂದಲೇ ಕೊಡಬೇಕು. ಇಷ್ಟು ಮೊಬಲಗನ್ನು ಬಡ್ಡಿಗೆ ತಂದು ವ್ಯಾಪಾರ ಮಾಡುವವನಿಗೆ, ಮಂಡಿಗಿಂತ ಹೆಚ್ಚಾಗಿ ದೊರೆತ ಬೆಲೆಯ ಬಹುಭಾಗವು ಬಡ್ಡಿಯಲ್ಲಿಯೇ ಕರಗುವುದು. ಜಾಲದ ಪೇಟೆಯನ್ನು ಹೊಗಳುವವರು ಈ ಲೆಕ್ಕವನ್ನು ಹೇಳುವುದು ಕಡಿಮೆ.

ಜಮೆಯಾದ ಹಣವು ಕಡಿಮೆಯಾಗಿ ಕಂಡರೆ ಅದೆಲ್ಲವೂ ತಡೆಯೆಂದು ತಿಳಿಯಕೂಡದು. ತೆರಿಗೆಗೆ ಒಳಪಟ್ಟ ಮಾಲುಗಳ ಮೇಲೆ ಜಿ.ಎಸ್.ಟಿ. ಬಾಬತು ಪೇಟೆಯವರು ಮುರಿದುಕೊಳ್ಳುವ ಅಂಶವು 2018ರ ಅಕ್ಟೋಬರಿನಿಂದ ನೂರಕ್ಕೆ 1ರಂತೆ ಇದ್ದು, 2024ರ ಜುಲೈ 10ರಿಂದ ಅರ್ಧಕ್ಕೆ ಇಳಿಯಿತು. ವರಮಾನ ತೆರಿಗೆಯ ಬಾಬತು 2020ರ ಅಕ್ಟೋಬರಿನಿಂದ ನೂರಕ್ಕೆ 1ರಂತೆ ಇದ್ದುದು 2024ರ ಅಕ್ಟೋಬರಿನಿಂದ ಹತ್ತನೆಯ ಒಂದು ಪಾಲಾಯಿತು. ಇವು ಲೆಕ್ಕ ಸಲ್ಲಿಸಿದಾಗ ಮುಜರಾ ಸಿಕ್ಕತಕ್ಕ ಹಣ.

ಖಾತೆಯೇ ನಿಂತಾಗ

ನಿಜವಾದ ಕಷ್ಟವೆಂದರೆ, ಪೇಟೆಯವರು ಸಂಶಯಪಟ್ಟು ಮಾರಾಟದ ಖಾತೆಯನ್ನೇ ನಿಲ್ಲಿಸಿ, ಜಮೆಯಾಗಬೇಕಾದ ಹಣವನ್ನೂ ಹಿಡಿದಿಡುವುದು. ಸೋರಿದ ಬಾಟ್ಲಿಗಳ ಬಗ್ಗೆ ಮೇಲಿಂದ ಮೇಲೆ ದೂರು ಬರುವುದು, ಮಾಲಿಲ್ಲದಿದ್ದರೂ ಇದೆಯೆಂದು ತೋರಿಸಿ ಬೇಡಿಕೆಗಳನ್ನು ರದ್ದುಮಾಡುವುದು, ಹೇಳಿದ ದಿನಕ್ಕೆ ರವಾನಿಸದಿರುವುದು, ಹೊಸ ಖಾತೆಯಲ್ಲಿ ವ್ಯಾಪಾರವು ಏಕಾಏಕಿ ಏರುವುದು, ಇವು ಸಾಮಾನ್ಯವಾದ ಕಾರಣಗಳು. ಆದರೆ ಹಳ್ಳಿಯ ಮಾರಾಟಗಾರನಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಬಾಧಕವಾಗುವುದು ಹೆಸರಿನ ವ್ಯತ್ಯಾಸ.

ಪಹಣಿಯಲ್ಲಿ "ಇಂಥವರು ಬಿನ್ ಇಂಥವರು" ಎಂದಿರುವುದು. ಆಧಾರಿನಲ್ಲಿ ಊರಿನ ಹೆಸರು ಸೇರಿ ಪೂರ್ತಿಯಾಗಿರುವುದು. ಬ್ಯಾಂಕಿನ ಪುಸ್ತಕದಲ್ಲಿ ಎರಡು ಇನಿಷಿಯಲ್ಲುಗಳೊಡನೆ ಮೊಟಕಾಗಿರುವುದು. ಪಾನ್ ಕಾರ್ಡಿನಲ್ಲಿ ತಂದೆಯ ಹೆಸರೇ ಉಪನಾಮವಾಗಿ ಅಚ್ಚಾಗಿರುವುದು. ಊರಿನವರಿಗೆ ಈ ನಾಲ್ವರೂ ಒಬ್ಬನೇ ಎಂದು ಗೊತ್ತು. ದೂರದ ಯಂತ್ರಕ್ಕೆ ಇವರು ನಾಲ್ವರು ಬೇರೆ ಬೇರೆ ಮನುಷ್ಯರು. ಇದಕ್ಕಿಂತ ಕಷ್ಟವಾದದ್ದು ತೀರಿಹೋದ ತಾತನ ಹೆಸರಿನಲ್ಲಿಯೇ ಉಳಿದಿರುವ ಜಮೀನಿನ ಸಂಗತಿ. ಮಾರಾಟಗಾರನು ಮಾಲನ್ನು ಎಲ್ಲಿಂದ ಪಡೆದನೆಂಬುದಕ್ಕೆ ಪೇಟೆಯವರು ಖರೀದಿಯ ರಸೀತಿಯನ್ನು ಕೇಳುವುದುಂಟು. ಈ ನಿಯಮವು ಕೊಂಡು ಮಾರುವ ವರ್ತಕನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ತಾನೇ ಬೆಳೆದವನಲ್ಲಿ ಖರೀದಿಯ ರಸೀತಿಯು ಎಲ್ಲಿಂದ ಬರಬೇಕು? ಆತನು ತೋರಿಸಬಹುದಾದದ್ದು ಬೆಳೆ ನಮೂದಾದ ಪಹಣಿ, ಗಾಣದವನು ಕೊಟ್ಟ ರಸೀತಿ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪತ್ರ, ಇವಿಷ್ಟೇ. ಪಹಣಿಯೇ ತಾತನ ಹೆಸರಿನಲ್ಲಿದ್ದರೆ ಮೊದಲನೆಯ ದಾಖಲೆಯು ಕೈಬಿಟ್ಟಂತೆಯೇ. ಪೌತಿ ಖಾತೆಯನ್ನು ಮಾಡಿಸದೆ ವರ್ಷಗಟ್ಟಲೆ ಬಿಟ್ಟಿರುವ ಮನೆಗಳು ಎಲ್ಲ ಹಳ್ಳಿಗಳಲ್ಲಿಯೂ ಇವೆ. ಬೆಂಬಲ ಬೆಲೆಯ ಖರೀದಿಗೆ ಫ್ರೂಟ್ಸ್ ನೋಂದಣಿಯಲ್ಲಿ ಹೆಸರು ಹೊಂದದೆ ಹಿಂದಿರುಗಿದವರಿಗೆ ಈ ತೊಂದರೆಯು ಚೆನ್ನಾಗಿ ತಿಳಿದಿದೆ. ಗ್ರಾಮದ ಮುಖಂಡರು ಈ ಒಂದು ವಿಷಯದಲ್ಲಿ ಮುತುವರ್ಜಿ ವಹಿಸಿ, ಅಣ್ಣತಮ್ಮಂದಿರನ್ನು ಕೂರಿಸಿ ಮಾತನಾಡಿಸಿ ಖಾತೆ ಬದಲಾವಣೆಗೆ ಅರ್ಜಿ ಹಾಕಿಸಿದರೆ, ಅದರಿಂದಾಗುವ ಉಪಕಾರವು ಎಣ್ಣೆಯ ವ್ಯಾಪಾರಕ್ಕೆ ಮಾತ್ರವೇ ಸೀಮಿತವಾಗಿರುವುದಿಲ್ಲ.

ಖಾತೆ ನಿಂತ ದಿನ ಮಾಡಬಾರದ ಕೆಲಸವೊಂದಿದೆ. ಹೆಂಡತಿಯ ಇಲ್ಲವೆ ತಮ್ಮನ ಹೆಸರಿನಲ್ಲಿ ಮತ್ತೊಂದು ಖಾತೆಯನ್ನು ತೆರೆದು ಅದೇ ಮಾಲನ್ನು ಮಾರಲು ತೊಡಗುವುದು ಅನೇಕರಿಗೆ ತೋರುವ ಉಪಾಯ. ಒಂದೇ ವಿಳಾಸ, ಒಂದೇ ಮೊಬೈಲು, ಒಂದೇ ಬ್ಯಾಂಕು ಖಾತೆಗಳಿಂದ ಸಂಬಂಧವು ಬಯಲಾಗಿ ಎರಡು ಖಾತೆಗಳೂ ನಿಲ್ಲುವುವು. ಮೊದಲಿನ ವಿಚಾರಣೆಯಲ್ಲಿ ಇದ್ದ ಒಳ್ಳೆಯ ಅಭಿಪ್ರಾಯವೂ ಕೆಡುವುದು. ಹಣವನ್ನು ಬಿಡಿಸಿಕೊಡುತ್ತೇವೆಂದು ದೂರವಾಣಿಯಲ್ಲಿ ಮಾತನಾಡಿ ಶುಲ್ಕವನ್ನೋ ಗುಪ್ತ ಸಂಖ್ಯೆಯನ್ನೋ ಕೇಳುವವರು ಮೋಸಗಾರರೆಂದೇ ತಿಳಿಯತಕ್ಕದ್ದು. ಹಾಗೆ ಹಣ ಕಳೆದುಕೊಂಡವರು ವಿಳಂಬಿಸದೆ 1930 ಎಂಬ ಸಂಖ್ಯೆಗೆ ದೂರು ಕೊಡಬೇಕು.

ಮಾಡಬೇಕಾದದ್ದೇನೆಂದರೆ, ಆಗಲೇ ಬಂದಿರುವ ಬೇಡಿಕೆಗಳ ಮಾಲನ್ನು ಪೇಟೆಯವರು ಬೇಡವೆನ್ನದಿದ್ದರೆ ತಪ್ಪದೆ ಕಳುಹಿಸಿ, ಗಿರಾಕಿಗಳ ದೂರಿಗೆ ಉತ್ತರ ಕೊಡುವುದು. ಅನಂತರ ನಿಲ್ಲಿಸಿದ ನೋಟೀಸನ್ನು ಸಾವಧಾನವಾಗಿ ಓದಿ ಒಂದೇ ಸಮಾಧಾನ ಪತ್ರವನ್ನು ಬರೆಯುವುದು. ಪತ್ರದಲ್ಲಿ ಏನು ತಪ್ಪಾಯಿತು, ಈಗ ಏನು ಸರಿಪಡಿಸಲಾಗಿದೆ, ಮುಂದೆ ಆಗದಂತೆ ಏನು ಏರ್ಪಾಡು ಮಾಡಲಾಗಿದೆ ಎಂಬ ಮೂರು ಸಂಗತಿಗಳು ಇರಬೇಕು. "ಮುಚ್ಚಳ ಸಡಿಲವಾಗಿ 7 ಬಾಟ್ಲಿ ಸೋರಿದುವು, ಆ ಮುಚ್ಚಳಗಳನ್ನು ತೆಗೆದುಹಾಕಿ ಒಳಬಿರಡೆಯುಳ್ಳವನ್ನು ಹಾಕಲಾಗಿದೆ, ಪ್ರತಿ ಬಾಟ್ಲಿಯನ್ನೂ ಒಂದು ರಾತ್ರಿ ಅಡ್ಡಲಾಗಿ ಮಲಗಿಸಿ ನೋಡಿ ಕಟ್ಟಲಾಗುವುದು" ಎಂಬಂಥ ಪತ್ರಕ್ಕೆ ಬೆಲೆಯುಂಟು. ಬಡವನೆಂದೂ ರೈತನೆಂದೂ ಕರುಣೆಯನ್ನು ಬೇಡುವ ನಾಲ್ಕು ಪುಟಗಳಿಗೆ ಇಲ್ಲ. ದಿನಕ್ಕೊಂದರಂತೆ ಪತ್ರಗಳನ್ನು ಕಳುಹಿಸುವುದೂ ಹಾನಿಕರ.

ಕಾನೂನಿನ ಆಶ್ರಯದ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಪೇಟೆಯ ಅಹವಾಲು ಅಧಿಕಾರಿಯು 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿ ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂಬುದು ಕೊಳ್ಳುವ ಗ್ರಾಹಕನ ದೂರಿಗೆ ಸಂಬಂಧಿಸಿದ್ದು. ಮಾರಾಟಗಾರನ ಹಕ್ಕು ಮುಖ್ಯವಾಗಿ ಅವನ ಒಪ್ಪಂದವನ್ನೇ ಆಧರಿಸಿರುವುದು. ವ್ಯಾಜ್ಯವನ್ನು ಪಂಚಾಯಿತಿದಾರರ ಮುಂದೆ, ಅದೂ ದೂರದ ಪಟ್ಟಣದಲ್ಲಿ, ತೀರಿಸಿಕೊಳ್ಳಬೇಕೆಂದು ಅದರಲ್ಲಿ ಬರೆದಿರುವುದುಂಟು. ಮೂವತ್ತು ಸಾವಿರಕ್ಕಾಗಿ ದೆಹಲಿಗೆ ಅಲೆಯುವುದು ಯಾರಿಂದಲೂ ಆಗದು. ಮಾರಾಟಗಾರನ ಪಕ್ಷಕ್ಕೆ ಇದು ದೊಡ್ಡ ಕೊರತೆಯೇ ಸರಿ.

ಪುನಃ ಆರಂಭಿಸುವಾಗ

ಖಾತೆಯು ತೆರೆದ ಮೇಲೆ ಹಳೆಯ ವೇಗದಿಂದಲೇ ಹೊರಡುವುದು ಸರಿಯಲ್ಲ. ಮೊದಲ ತಿಂಗಳು ಒಂದೇ ಪದಾರ್ಥವನ್ನು, ಮನೆಯಲ್ಲಿ ತುಂಬಿ ಸಿದ್ಧವಾಗಿರುವಷ್ಟನ್ನೇ ತೋರಿಸಬೇಕು. ಹಳ್ಳಿಯಿಂದ ಕಡೂರು ಇಲ್ಲವೆ ಬೀರೂರಿಗೆ ಪೆಟ್ಟಿಗೆಗಳನ್ನು ಸಾಗಿಸಲು ವಾರದಲ್ಲಿ ಎರಡು ದಿನ ಮಾತ್ರ ಅನುಕೂಲವಿದ್ದರೆ, ರವಾನೆಯ ಅವಧಿಯನ್ನು ಒಂದು ದಿನವೆಂದು ನಮೂದಿಸದೆ ಮೂರು ನಾಲ್ಕು ದಿನವೆಂದೇ ನಮೂದಿಸುವುದು ಲೇಸು. ಗಿರಾಕಿಗಳು ಕೆಲವರು ತಪ್ಪಬಹುದು, ಖಾತೆಯು ಉಳಿಯುವುದು. ಮೊದಮೊದಲು ಬೆಂಗಳೂರು, ಮೈಸೂರು, ಶಿವಮೊಗ್ಗಗಳಂಥ ಹತ್ತಿರದ ಸ್ಥಳಗಳಿಗೆ ಕಳುಹಿಸಿದರೆ ಸಾಗಾಣಿಕೆಯಲ್ಲಿ ಒಡೆಯುವುದು ಕಡಿಮೆಯಾಗುವುದಲ್ಲದೆ ಹಣವೂ ಬೇಗ ಕೈಸೇರುವುದು.

ಹುಟ್ಟುವಳಿಯೆಲ್ಲವನ್ನೂ ಒಂದೇ ಪೇಟೆಗೆ ಒಪ್ಪಿಸುವುದು ಯಾವ ಕಾಲಕ್ಕೂ ಅಪಾಯಕರ. ಸಾವಿರ ಕಾಯಿಯ ಎಣ್ಣೆಯು ಜಾಲದ ಪೇಟೆಗೆ ಹೋದರೆ, ಉಳಿದ ಕೊಬ್ಬರಿಯು ತಿಪಟೂರು ಅಥವಾ ಅರಸೀಕೆರೆಯ ಮಾರುಕಟ್ಟೆಗೆ ಹೋಗಲಿ. ಅಲ್ಲಿಯ ಹಣದಿಂದ ಇಲ್ಲಿಯ ಕಾಯುವಿಕೆಯನ್ನು ತಾಳಿಕೊಳ್ಳಬಹುದು. ಕೆಲವು ಮನೆಗಳು ಸೇರಿ ರೈತ ಉತ್ಪಾದಕರ ಸಂಸ್ಥೆಯ ಮೂಲಕ ಮಾರಿದರೆ ಕಾಗದಪತ್ರಗಳ ಭಾರವು ಒಬ್ಬನ ಮೇಲೆ ಬೀಳುವುದಿಲ್ಲವಾದರೂ, ತಡೆಯುಂಟಾದಾಗ ಎಲ್ಲರ ಹಣವೂ ಒಟ್ಟಿಗೆ ನಿಲ್ಲುವುದೆಂಬುದನ್ನು ಸದಸ್ಯರಿಗೆ ಮೊದಲೇ ತಿಳಿಸಿರಬೇಕು.

ಲೆಕ್ಕದ ಪುಸ್ತಕವನ್ನು ಮಾತ್ರ ಬಿಡಲಾಗದು. ಬೇಡಿಕೆಯ ಸಂಖ್ಯೆ, ರವಾನೆಯ ದಿನ, ತಲಪಿದ ದಿನ, ಬರಬೇಕಾದ ಮೊಬಲಗು, ಬಂದ ಮೊಬಲಗು, ಮುರಿದುಕೊಂಡದ್ದರ ವಿವರ ಎಂದು ಆರು ಅಂಕಣಗಳನ್ನು ಎಳೆದು, ಪ್ರತಿ ಶನಿವಾರ ಬ್ಯಾಂಕಿನ ಪುಸ್ತಕದೊಡನೆ ತಾಳೆ ನೋಡತಕ್ಕದ್ದು. ಐದನೆಯ ಅಂಕಣವು 20 ದಿನ ಕಳೆದರೂ ಖಾಲಿಯಾಗಿದ್ದರೆ ಆ ಬೇಡಿಕೆಯ ಸಂಖ್ಯೆಯನ್ನು ನಮೂದಿಸಿ ಪೇಟೆಯವರಿಗೆ ಅಂದೇ ಬರೆದು, ಅವರು ಕೊಡುವ ದೂರಿನ ಸಂಖ್ಯೆಯನ್ನು ಅದೇ ಸಾಲಿನಲ್ಲಿ ಕೆಂಪು ಶಾಯಿಯಿಂದ ಗುರುತುಮಾಡಿ ಇಟ್ಟುಕೊಳ್ಳಬೇಕು.