ಹೆಣೆದು ಮುಗಿಸಿದ ಮೇಲೆ ಉಳಿಯುವ ಕೆಲಸ



ನಮ್ಮ ಸಂಘಗಳಲ್ಲಿ ಹೆಣಿಗೆ ತರಬೇತಿ ಪಡೆದವರು ಸೀದಾ, ಉಲ್ಟಾ, ಬಾರ್ಡರ್, ಕೇಬಲ್ ಎಲ್ಲವನ್ನೂ ಚೆನ್ನಾಗಿಯೇ ಕಲಿತಿದ್ದೀರಿ. ಟಿವಿ ನೋಡ್ತಾ, ಬಸ್ಸಿಗೆ ಕಾಯ್ತಾ ಕೈ ತಾನಾಗಿ ಓಡುತ್ತದೆ. ಆದರೆ ಕೊನೆಯ ಕುಣಿಕೆ ಮುಚ್ಚಿ ದಾರ ಕತ್ತರಿಸಿದ ಕೂಡಲೇ "ಸ್ವೆಟರ್ ಆಯ್ತು" ಅಂತ ಹೇಳ್ತೀರಲ್ಲ, ಅಲ್ಲೇ ತೊಂದರೆ. ಆಗ ಇನ್ನೂ ಸ್ವೆಟರ್ ಆಗಿರುವುದಿಲ್ಲ. ಐದು ತುಂಡು ಬಟ್ಟೆ ಆಗಿರುತ್ತದೆ. ಬೆನ್ನು ಒಂದು, ಎದೆಯ ಭಾಗ ಎರಡು, ತೋಳು ಎರಡು. ಅದನ್ನು ಸ್ವೆಟರ್ ಮಾಡುವ ಕೆಲಸದ ಬಗ್ಗೆ ಈ ಪಾಠ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಗುಂಪಿಗೆ ಹಸುಗೂಸುಗಳ ಸ್ವೆಟರ್, ಟೋಪಿ, ಕಾಲ್ಚೀಲದ 60 ಸೆಟ್ಟುಗಳ ಆರ್ಡರ್ ಸಿಕ್ಕಿತ್ತು. ದಾರಕ್ಕೆ ಸಂಘದ ಉಳಿತಾಯದಿಂದಲೇ ಸಾಲ ತೆಗೆದಿದ್ದರು. ಕೊಡುವ ಹಿಂದಿನ ದಿನ ನಾವು, "ಎಲ್ಲ ಒಮ್ಮೆ ಇಸ್ತ್ರಿ ಮಾಡಿ ಕೊಡಿ, ನೀಟಾಗಿ ಕಾಣ್ಲಿ" ಅಂತ ಹೇಳಿ ಬಂದೆವು. ಅವರು ಸ್ಕೂಲ್ ಯೂನಿಫಾರಂಗೆ ಮಾಡುವ ಹಾಗೆ ಒತ್ತಿ ಇಸ್ತ್ರಿ ಮಾಡಿದರು. ಸ್ವೆಟರ್ ಎಲ್ಲ ಹಪ್ಪಳದ ಹಾಗೆ ಚಪ್ಪಟೆ. ಕೆಳಗಿನ ಬಾರ್ಡರ್, ತೋಳಿನ ತುದಿ ಎಳೆದರೆ ಎಳೆದಷ್ಟು ಬರುತ್ತಿತ್ತು, ವಾಪಸ್ ಹೋಗುತ್ತಿರಲಿಲ್ಲ. ಅಂಗಡಿಯವರು 22 ಸ್ವೆಟರ್ ವಾಪಸ್ ಕಳಿಸಿದರು. ಹೆಣೆದವರದ್ದು ಒಂದು ತಪ್ಪೂ ಇರಲಿಲ್ಲ. ಹೇಳಿದ ನಮಗೇ ದಾರ ಯಾವುದು ಅಂತ ಗೊತ್ತಿರಲಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ: ನಿಮ್ಮ ಕೈಯಲ್ಲಿರುವುದು ಯಾವ ದಾರ? ಪೇಟೆಯಲ್ಲಿ ಎಲ್ಲದಕ್ಕೂ "ಉಲ್ಲನ್" ಅಂತಾರೆ. ಆದರೆ ನಾವು ಕಡಿಮೆ ಬೆಲೆಗೆ ತರುವ ಬಣ್ಣಬಣ್ಣದ ಲಡಿಗಳಲ್ಲಿ ಹೆಚ್ಚಿನವು ಆಕ್ರಿಲಿಕ್. ಕ್ಯಾಶ್ಮಿಲಾನ್ ಅಂತ ಹೇಳುತ್ತಾರಲ್ಲ, ಅದೂ ಇದೇ ಜಾತಿ. ಅದು ಕುರಿಯ ಮೈಯಿಂದ ಬಂದದ್ದಲ್ಲ, ಪ್ಲಾಸ್ಟಿಕ್‌ನ ಹಾಗೆ ಕಾರ್ಖಾನೆಯಲ್ಲಿ ತಯಾರಾದದ್ದು. ಲೇಬಲ್ ಇದ್ದರೆ ಓದಿ. ಇಲ್ಲದಿದ್ದರೆ ಸುಟ್ಟು ನೋಡಬಹುದು. ಬೆರಳುದ್ದದ ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರು ತುಂಬಿದ ಸ್ಟೀಲ್ ತಟ್ಟೆ ಇಟ್ಟು, ತುದಿಗೆ ಬೆಂಕಿ ತಾಗಿಸಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಾಡಿ, ಮಕ್ಕಳು ಹತ್ತಿರ ಬೇಡ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗಿ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆಕ್ರಿಲಿಕ್ ಆದರೆ ಕರಗಿ ಉರಿಯುತ್ತದೆ, ಆರಿದ ಮೇಲೆ ಗಟ್ಟಿ ಕಪ್ಪು ಮಣಿ ಉಳಿಯುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಎರಡು ದಾರ ಬೆರೆತಿದ್ದರೆ ಗುರುತು ಸ್ವಲ್ಪ ಗೊಂದಲವಾಗುತ್ತದೆ. ಆಗ ಆಕ್ರಿಲಿಕ್ ಇದೆ ಎಂದೇ ತಿಳಿದು ನಡೆಯುವುದು ಕ್ಷೇಮ.

ಇದು ಯಾಕೆ ಮುಖ್ಯ ಅಂದರೆ, ಬ್ಲಾಕಿಂಗ್ ಎಂಬ ಕೆಲಸ ಉಣ್ಣೆಗೊಂದು ರೀತಿ, ಆಕ್ರಿಲಿಕ್‌ಗೆ ಇನ್ನೊಂದು ರೀತಿ. ಬ್ಲಾಕಿಂಗ್ ಅಂದರೆ ಹೆಣೆದ ತುಂಡನ್ನು ಒದ್ದೆ ಮಾಡಿ, ಅಳತೆಗೆ ಸರಿಯಾಗಿ ಹರಡಿ, ಅದೇ ಆಕಾರದಲ್ಲಿ ಒಣಗಿಸುವುದು. ಒದ್ದೆ ಕೂದಲಿಗೆ ಜಡೆ ಹಾಕಿ ಒಣಗಿದ ಮೇಲೆ ಬಿಚ್ಚಿದರೆ ಕೂದಲು ಅಲೆಅಲೆಯಾಗಿ ನಿಲ್ಲುತ್ತದಲ್ಲ? ಉಣ್ಣೆಯೂ ಕೂದಲೇ. ಒದ್ದೆಯಾದಾಗ ಅದರ ಒಳಗಿನ ಹಿಡಿತ ಸಡಿಲವಾಗುತ್ತದೆ, ಒಣಗುವಾಗ ಇದ್ದ ಆಕಾರದಲ್ಲೇ ಮತ್ತೆ ಹಿಡಿಯುತ್ತದೆ. ಹೆಣೆಯುವಾಗ ಒಂದು ಕುಣಿಕೆ ಬಿಗಿ, ಒಂದು ಸಡಿಲ ಆಗಿದ್ದರೂ ನೀರಿನಲ್ಲಿ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಉಣ್ಣೆಯ ತುಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಯಲು ಬಿಡಿ. ಸ್ವಲ್ಪ ಅಂಟುವಾಳದ ನೀರು ಹಾಕಿದರೆ ಸಾಕು, ನಮ್ಮ ಅಜ್ಜಿಯರು ರೇಷ್ಮೆ ಸೀರೆಗೂ ಅದನ್ನೇ ಹಾಕುತ್ತಿದ್ದರು. ಬಟ್ಟೆ ಸೋಪು, ಸೋಡಾ ಬೇಡ. ಉಜ್ಜಬಾರದು, ಹಿಂಡಬಾರದು, ಬಿಸಿನೀರಿನಿಂದ ತಣ್ಣೀರಿಗೆ ಹಾಕಬಾರದು. ಬಿಸಿ, ಸೋಪು, ಉಜ್ಜುವುದು ಮೂರೂ ಸೇರಿದರೆ ಉಣ್ಣೆ ಗಂಟಾಗಿ ಕುಗ್ಗುತ್ತದೆ. ದೊಡ್ಡವರ ಸ್ವೆಟರ್ ಮಗುವಿನದಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಎತ್ತುವಾಗ ಎರಡೂ ಕೈ ಕೆಳಗೆ ಕೊಟ್ಟು, ನಿದ್ದೆ ಮಾಡುವ ಮಗುವನ್ನು ಎತ್ತುವ ಹಾಗೆ ಎತ್ತಿ. ದಪ್ಪ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತುವ ಹಾಗೆ ಸುತ್ತಿ, ಮೇಲೆ ಒತ್ತಿ. ಬೇಕಾದರೆ ಬರಿಗಾಲಲ್ಲಿ ನಿಂತುಕೊಳ್ಳಿ, ಏನೂ ಆಗಲ್ಲ.

ಆಮೇಲೆ ಹಾಸಿಗೆಯ ಮೇಲೆ ಹಳೇ ಬೆಡ್‌ಶೀಟು ಹಾಸಿ ತುಂಡನ್ನು ಮಲಗಿಸಿ. ಟೇಪು ಹಿಡಿದು ಎದೆ ಅಗಲ, ಉದ್ದ, ಕಂಕುಳ ಆಳ ನೋಡಿ, ಬೆರಳಲ್ಲಿ ತಟ್ಟಿ ತಟ್ಟಿ ಅಳತೆಗೆ ತನ್ನಿ. ತುಕ್ಕು ಹಿಡಿಯದ ಗುಂಡುಪಿನ್ನು ಅಂಚಿಗೆ ಹತ್ತಿರ ಹತ್ತಿರ ಚುಚ್ಚಿ. ದೂರ ದೂರ ಚುಚ್ಚಿದರೆ ಅಂಚು ಗರಗಸದ ಹಲ್ಲಿನ ಹಾಗೆ ಆಗುತ್ತದೆ. ತುಕ್ಕಿನ ಕಲೆ ಬಿದ್ದರೆ ಆ ತುಂಡು ಹೋಯ್ತು ಅಂತಲೇ ಲೆಕ್ಕ. ಎರಡು ತೋಳನ್ನೂ ಪಕ್ಕಪಕ್ಕ ಇಟ್ಟು ಒಂದೇ ಅಳತೆ ಮಾಡಿ. ಬಾರ್ಡರಿಗೆ ಮಾತ್ರ ಪಿನ್ನು ಬೇಡ, ಅದನ್ನು ಹಿಗ್ಗಿಸಲೂ ಬೇಡ. ಬಾರ್ಡರ್ ಇರುವುದೇ ಮೈಗೆ ಹಿಡಿದು ಕೂರಲಿಕ್ಕೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಎರಡು ಮೂರು ದಿನವೂ ಹಿಡಿಯಬಹುದು, ಫ್ಯಾನಿನ ಕೆಳಗೆ ಇಡಿ, ಅವಸರಪಟ್ಟು ಒಲೆಯ ಮೇಲೆ ಕಟ್ಟಬೇಡಿ. ಹಗ್ಗದ ಮೇಲೆ ನೇತು ಹಾಕುವುದಂತೂ ಬೇಡವೇ ಬೇಡ. ನೀರಿನ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ.

ಆಕ್ರಿಲಿಕ್ ವಿಷಯ ಬೇರೆ. ಅದು ನೀರಿಗೆ ಅಷ್ಟು ಬಗ್ಗುವುದಿಲ್ಲ, ಬಿಸಿಗೆ ಬಗ್ಗುತ್ತದೆ. ಆದರೆ ಒಮ್ಮೆ ಬಗ್ಗಿದರೆ ಶಾಶ್ವತ. ಅಂಗಡಿಯಿಂದ ವಾಪಸ್ ಬಂದ ಸ್ವೆಟರ್‌ಗಳಿಗೆ ಆದದ್ದು ಇದೇ. ಹೆಣಿಗೆಯವರು ಇದನ್ನು ದಾರ "ಸಾಯುವುದು" ಅಂತಲೇ ಕರೆಯುತ್ತಾರೆ, ತೊಳೆದರೂ ಜೀವ ಬರುವುದಿಲ್ಲ. ಆದ್ದರಿಂದ ಆಕ್ರಿಲಿಕ್ ತುಂಡುಗಳನ್ನು ತೊಳೆದು, ಟವೆಲ್ಲಿನಲ್ಲಿ ಒತ್ತಿ, ಹರಡಿ ಒಣಗಿಸಿ. ಅಂಚು ಸುರುಳಿ ಸುತ್ತುವುದು ಅಷ್ಟಕ್ಕೇ ಸುಮಾರಾಗಿ ಕಡಿಮೆಯಾಗುತ್ತದೆ, ಹೊಲಿಯಲು ಅಷ್ಟು ಸಾಕು. ಹಬೆ ಕೊಡಲೇಬೇಕು ಅನಿಸಿದರೆ ಮೊದಲು 10 ಸೆಂಟಿಮೀಟರ್ ಚೌಕದ ಒಂದು ಮಾದರಿ ತುಂಡಿನ ಮೇಲೆ ಪರೀಕ್ಷೆ ಮಾಡಿ. ಇಸ್ತ್ರಿಪೆಟ್ಟಿಗೆ ಬಟ್ಟೆಗೆ ತಾಗಕೂಡದು, ಎರಡು ಬೆರಳಗಲ ಮೇಲೆಯೇ ಇರಬೇಕು. ಬಾರ್ಡರಿನ ಹತ್ತಿರಕ್ಕೂ ಒಯ್ಯಬೇಡಿ.

ಹೊಲಿಗೆ ಹಾಕುವುದು ಈ ತುಂಡುಗಳು ಒಣಗಿದ ಮೇಲೆ. ಹಿಂದೆ ಶಾಲೆಯ ಸೂಜಿ ಕೆಲಸದ ಪಿರಿಯಡ್ಡಿನಲ್ಲಿ ನಮಗೆ ಬಟ್ಟೆ ಹೊಲಿಯುವ ಹಾಗೆ ಒಳಮೈ ಹೊರಗೆ ಮಾಡಿ ಹೊಲಿಯಲು ಹೇಳಿಕೊಟ್ಟಿದ್ದರು. ಅದರಿಂದ ದಪ್ಪ ದಂಡೆ ಬರುತ್ತದೆ, ಕೂಸಿನ ಕಂಕುಳಿಗೆ ಒತ್ತುತ್ತದೆ. ಪಕ್ಕದ ಹೊಲಿಗೆಗೆ ಒಳ್ಳೆಯದು ಬೇರೆ ಇದೆ. ಎರಡು ತುಂಡನ್ನೂ ಸೀದಾ ಭಾಗ ಮೇಲೆ ಬರುವಂತೆ ಪಕ್ಕಪಕ್ಕ ಇಡಿ. ಅಂಚಿನ ಮೊದಲ ಕುಣಿಕೆಗೂ ಎರಡನೆಯದಕ್ಕೂ ನಡುವೆ ಸ್ವಲ್ಪ ಎಳೆದು ನೋಡಿದರೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ದಾರಗಳು ಕಾಣುತ್ತವೆ. ಮೊಂಡು ತುದಿಯ ಸೂಜಿಯಲ್ಲಿ ಈ ಕಡೆಯ ಒಂದು ಮೆಟ್ಟಿಲು, ಆ ಕಡೆಯ ಒಂದು ಮೆಟ್ಟಿಲು ಹೀಗೆ ಎತ್ತುತ್ತಾ ಹೋಗಿ. ನಾಲ್ಕೈದು ಸಾಲು ಆದ ಮೇಲೆ ದಾರ ಮೆಲ್ಲಗೆ ಎಳೆದರೆ ಎರಡು ಅಂಚೂ ಬಾಯಿ ಮುಚ್ಚಿದ ಹಾಗೆ ಸೇರುತ್ತವೆ, ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು. ಸಾಲಿಗೆ ಸಾಲು ಸರಿಹೋಗುವುದರಿಂದ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಆಗುವುದೂ ಇಲ್ಲ. ಹೆಗಲಿಗೆ ಮಾತ್ರ ಗಟ್ಟಿ ಹೊಲಿಗೆಯೇ ಬೇಕು, ಸ್ವೆಟರಿನ ಭಾರವೆಲ್ಲ ಅಲ್ಲೇ ನಿಲ್ಲುವುದು. ತೋಳು ಕೂರಿಸುವಾಗ ತೋಳಿನ ನಡುಮಧ್ಯವನ್ನು ಹೆಗಲ ಹೊಲಿಗೆಗೆ ಪಿನ್ನು ಹಾಕಿ ಅಲ್ಲಿಂದ ಎರಡೂ ಕಡೆಗೆ ಇಳಿಯಿರಿ.

ಕತ್ತಿನ ಪಟ್ಟಿಗೆ ಅಂಚಿನಿಂದ ಕುಣಿಕೆ ಎತ್ತುವಾಗ ನಾಲ್ಕು ಸಾಲಿಗೆ ಮೂರು ಕುಣಿಕೆಯ ಲೆಕ್ಕ ಇರಲಿ. ಮುಚ್ಚುವಾಗ ಒಂದು ನಂಬರ್ ದಪ್ಪ ಕಡ್ಡಿ ಹಿಡಿಯಿರಿ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್ ಇರುತ್ತದೆ. ತಲೆಯ ಮೇಲಿಂದ ಹಾಕುವ ಸ್ವೆಟರಿನ ಕತ್ತು ಅದಕ್ಕಿಂತ ಸಲೀಸಾಗಿ ಹಿಗ್ಗದಿದ್ದರೆ ಅಮ್ಮ ಒಂದೇ ದಿನ ಹಾಕಿ ಪೆಟ್ಟಿಗೆಯಲ್ಲಿ ಇಡುತ್ತಾಳೆ.

ಈಗ ಎಲ್ಲರೂ ಬೇಸರಪಡುವ ಕೆಲಸ, ದಾರದ ತುದಿ ಅಡಗಿಸುವುದು. ಗಂಟು ಹಾಕಿ ಕತ್ತರಿಸಿಬಿಡುವುದು ಸುಲಭ, ಆದರೆ ಗಂಟು ಬಿಚ್ಚುತ್ತದೆ, ಇಲ್ಲವೇ ಚುಚ್ಚುತ್ತದೆ. ಹೊಸ ಲಡಿ ಸೇರಿಸುವಾಗಲೇ ಸಾಲಿನ ಮಧ್ಯೆ ಸೇರಿಸದೆ ಅಂಚಿನಲ್ಲಿ ಸೇರಿಸಿ, 15 ಸೆಂಟಿಮೀಟರ್ ತುದಿ ಬಿಡಿ. ಅದನ್ನು ಉಲ್ಟಾ ಭಾಗದಲ್ಲಿ ಕುಣಿಕೆಗಳ ಒಳಗೆ ಓರೆಯಾಗಿ ಎರಡು ಇಂಚು ಓಡಿಸಿ, ತಿರುಗಿಸಿ ಮತ್ತೊಂದು ದಿಕ್ಕಿಗೆ ಓಡಿಸಿ, ಬಟ್ಟೆಯನ್ನು ಒಮ್ಮೆ ಹಿಗ್ಗಿಸಿ ನೋಡಿ ಕತ್ತರಿಸಿ.

ಇದು ಅಂದಕ್ಕೆ ಮಾತ್ರ ಅಂತ ತಿಳಿಯಬೇಡಿ. ಕಾಲ್ಚೀಲದ ಒಳಗೆ, ಕೈಚೀಲದ ಒಳಗೆ ಸಡಿಲ ದಾರ ಉಳಿದಿದ್ದರೆ ಅದು ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯಬಹುದು. ಕೂಸು ಅಳುತ್ತದೆ, ಹಸಿವೋ ಹೊಟ್ಟೆನೋವೋ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಚೀಲ ಬಿಚ್ಚಿ ನೋಡುವಷ್ಟರಲ್ಲಿ ಬೆರಳು ಊದಿ ಕಪ್ಪಾಗಿರಬಹುದು. ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ತೊಂದರೆ ಇದು. ಆದ್ದರಿಂದ ಪ್ರತಿ ಕಾಲ್ಚೀಲವನ್ನೂ ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು ನೋಡದೆ ಯಾರೂ ಪ್ಯಾಕ್ ಮಾಡಬಾರದು. ಬಣ್ಣದ ವಿನ್ಯಾಸ ಹಾಕಿದಾಗ ಒಳಗಡೆ ಉದ್ದುದ್ದ ದಾರ ಹಾಯುತ್ತದಲ್ಲ, ಅಂಥ ವಿನ್ಯಾಸ ಹಸುಗೂಸಿನ ಚೀಲಕ್ಕೆ ಬೇಡವೇ ಬೇಡ. ಕತ್ತಿಗೆ ಕಟ್ಟುವ ರಿಬ್ಬನ್, ಗೊಂಡೆಯ ದಾರವೂ ಬೇಡ. ಗುಂಡಿಯನ್ನು ಹೆಣಿಗೆ ದಾರದಲ್ಲಿ ಹೊಲಿಯದೆ ಗಟ್ಟಿ ಹೊಲಿಗೆ ದಾರದಲ್ಲಿ ಹೊಲಿದು, ಎಳೆದು ಪರೀಕ್ಷೆ ಮಾಡಿ. ಕಿತ್ತುಬಂದ ಗುಂಡಿ ನೇರ ಬಾಯಿಗೇ ಹೋಗುತ್ತದೆ.

ಇಡುವ ವಿಷಯದಲ್ಲೂ ಒಂದು ಎಚ್ಚರ. ಕೂಸಿನ ಬಟ್ಟೆಯಲ್ಲಿ ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್, ಖಂಡಿತ ಹಾಕಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ಆ ಗುಳಿಗೆಯ ಆವಿಯಿಂದಲೇ ರಕ್ತಕಣ ಒಡೆದು ಜೋರು ಕಾಮಾಲೆ ಬರಬಹುದು. ಯಾವ ಮಗುವಿಗೆ ಕೊರತೆ ಇದೆ ಅಂತ ನೋಡಿದರೆ ತಿಳಿಯುವುದಿಲ್ಲ. ಆಕ್ರಿಲಿಕ್ಕನ್ನಂತೂ ನುಸಿ ತಿನ್ನುವುದೇ ಇಲ್ಲ, ಗುಳಿಗೆ ಯಾಕೆ? ಉಣ್ಣೆಯದ್ದಾದರೆ ತೊಳೆದು, ಪೂರ್ತಿ ಒಣಗಿಸಿ, ಬಾಯಿ ಕಟ್ಟಿದ ಚೀಲದಲ್ಲಿ ಇಡಿ, ಆಗಾಗ ತೆಗೆದು ಕೊಡವಿ ಗಾಳಿಗೆ ಹಾಕಿ.

ಈ ಕೆಲಸಕ್ಕೆಲ್ಲ ಹೊತ್ತು ಬೇಕು, ಆ ಹೊತ್ತಿಗೆ ಕೂಲಿಯೂ ಬೇಕು. ಬೆಲೆ ಹಾಕುವಾಗ ದಾರ ಮತ್ತು ಹೆಣಿಗೆ ಮಾತ್ರ ಲೆಕ್ಕ ಹಿಡಿದು, ಇದನ್ನು "ಅದೇನು, ಕೂತಲ್ಲೇ ಆಗುತ್ತೆ" ಅಂತ ಬಿಟ್ಟುಬಿಡುತ್ತೀರಿ. ಹಾಗೆ ಮಾಡಬೇಡಿ. ಒಂದು ಸೆಟ್ಟಿಗೆ ಎಷ್ಟು ಗಂಟೆ ಹಿಡಿಯಿತು ಅಂತ ಪುಸ್ತಕದಲ್ಲಿ ಬರೆಯಿರಿ. ಕಣ್ಣು ಚುರುಕಾಗಿರುವ ಒಬ್ಬಿಬ್ಬರಿಗೆ ಇದನ್ನೇ ವಹಿಸಿ ಬೇರೆ ಕೂಲಿ ಕೊಟ್ಟರೂ ಸರಿ.

ಆ 22 ಸ್ವೆಟರ್ ಏನಾಯ್ತು ಅಂತ ಕೇಳ್ತೀರೇನೋ. ಆ ಗುಂಪಿನ ಹಿರಿಯ ಸದಸ್ಯೆಯೊಬ್ಬರು ಕತ್ತರಿ ತೆಗೆದುಕೊಂಡರು. ಬಾರ್ಡರಿಗೆ ಸ್ವಲ್ಪ ಮೇಲೆ ಒಂದೇ ಒಂದು ಕುಣಿಕೆ ಕತ್ತರಿಸಿ, ಆ ಸಾಲಿನ ದಾರ ಬಿಡಿಸಿ, ಸತ್ತ ಬಾರ್ಡರನ್ನು ಬೇರೆ ಮಾಡಿದರು. ಮೇಲೆ ಉಳಿದ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು ಹೊಸ ಬಾರ್ಡರನ್ನು ಕೆಳಮುಖವಾಗಿ ಹೆಣೆದರು. ತೋಳಿಗೂ ಹಾಗೇ. ಅದೇ ಲಾಟಿನ ದಾರ ಸಿಗಲಿಲ್ಲ, ಬೇರೆ ಲಾಟಿನದ್ದು ಹಾಕಿದರೆ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಅದಕ್ಕೆ ಬೇಕೆಂದೇ ಬಿಳಿ ಬಾರ್ಡರ್ ಹಾಕಿದರು. ಹೀಗೆ 14 ಉಳಿದು ಮಾರಾಟವಾದವು. ಮೈಯೇ ಪೂರ್ತಿ ಚಪ್ಪಟೆಯಾಗಿದ್ದ 8 ನಮ್ಮ ಬಳಿಯೇ ಇವೆ, ತರಬೇತಿಗೆ ಒಯ್ಯುತ್ತೇವೆ. ಬಂದವರ ಕೈಗೆ ಮೊದಲು ಅದನ್ನೇ ಕೊಟ್ಟು, ಬಾರ್ಡರ್ ಎಳೆದು ಬಿಡಿ ಅಂತ ಹೇಳುತ್ತೇವೆ.