ಜಮೀನು ಲೇಔಟ್‌ಗೆ ಕೊಡುವ ಮುನ್ನ: ಜಂಟಿ ಕರಾರಿನಲ್ಲಿ ರೈತನ ಹೊಣೆ

ಗುಬ್ಬಿ, ಕುಣಿಗಲ್ ಕಡೆ ತೆಂಗಿನ ರೋಗದ ಬಗ್ಗೆ ಮಾತಾಡೋಕೆ ಹೋದರೂ ರೈತರು ನನ್ನನ್ನು ಕೇಳೋದು, “ಸಾರ್, ಜಮೀನು ಲೇಔಟ್‌ಗೆ ಕೊಡಬಹುದಾ?” ಅಂತ. ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಆದರೆ ಕೊಳ್ಳೋದು ಬೇರೆ, ಸೈಟು ಮಾಡೋದು ಬೇರೆ. ಸೈಟು ಮಾಡಲು ಮೂರು ಹಂತ ದಾಟಬೇಕು.

1. ಭೂಪರಿವರ್ತನೆ (ಅಲಿನೇಷನ್): 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳಿಂದ.

2. ಬಡಾವಣೆ ನಕ್ಷೆ ಅನುಮೋದನೆ: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಪ್ರಕಾರ ಯೋಜನಾ ಪ್ರಾಧಿಕಾರದಿಂದ. ತುಮಕೂರು ನಗರದ ಸುತ್ತ ಅದು ಟೂಡಾ. ನಿಮ್ಮ ಸರ್ವೆ ನಂಬರ್ ಯಾವ ಪ್ರಾಧಿಕಾರಕ್ಕೆ ಸೇರುತ್ತದೆ ಅಂತ ಮೊದಲೇ ವಿಚಾರಿಸಿ. ಅಲಿನೇಷನ್ ಆಯ್ತು ಅಂದಮಾತ್ರಕ್ಕೆ ನಕ್ಷೆ ಒಪ್ಪಿಗೆ ಆದಂತಲ್ಲ.

3. ರೇರಾ ನೋಂದಣಿ: ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ದಾಟಿದರೆ ಬೇಕು. ಅದಿಲ್ಲದೆ ಸೈಟಿನ ಜಾಹೀರಾತು, ಬುಕಿಂಗ್, ಮಾರಾಟ ಮಾಡುವಂತಿಲ್ಲ.

“ಎಲ್ಲಾ ನಾವೇ ನೋಡ್ಕೋತೀವಿ, ನಿಮಗೆ ಅರ್ಧ ಸೈಟು” ಅಂತಾರೆ ಡೆವಲಪರ್‌ಗಳು. ಇಲ್ಲೇ ಎಚ್ಚರ ಬೇಕು. 2016ರ ರೇರಾ ಕಾಯ್ದೆ ಪ್ರಕಾರ, ಲೇಔಟ್ ಮಾಡುವವರು ಒಬ್ಬರು, ಸೈಟು ಮಾರುವವರು ಇನ್ನೊಬ್ಬರಾದರೆ ಇಬ್ಬರೂ ಪ್ರವರ್ತಕರೇ, ಹೊಣೆಯೂ ಜಂಟಿ. ನಿಮ್ಮ ಪಾಲಿನ ಸೈಟನ್ನು ನೀವು ಮಾರಿದ ಮೇಲೆ ರಸ್ತೆ, ಚರಂಡಿ ಆಗದಿದ್ದರೆ ಕೊಂಡವರು ನಿಮ್ಮನ್ನೂ ಕೇಳಬಹುದು.

ಆದ್ದರಿಂದ ಕರಾರಿನಲ್ಲಿ ಇವನ್ನು ಬರೆಸಿ:

• ಪರಿವರ್ತನೆ, ಅನುಮೋದನೆ, ರೇರಾ ಖರ್ಚು ಯಾರದು, ಎಷ್ಟು ತಿಂಗಳೊಳಗೆ.

• ನಿಮ್ಮ ಪಾಲು ಒಟ್ಟು ಜಮೀನಿನ ಲೆಕ್ಕವೋ, ರಸ್ತೆ-ಪಾರ್ಕ್ ಬಿಟ್ಟು ಉಳಿದ ಸೈಟಿನ ಲೆಕ್ಕವೋ.

• ಅವಧಿಯೊಳಗೆ ಅನುಮೋದನೆ ಸಿಗದಿದ್ದರೆ ಕರಾರು, ಜಿಪಿಎ ಎರಡೂ ರದ್ದು, ಜಮೀನು ವಾಪಸ್.

ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಸಹಿ ಹಾಕುವ ಮೊದಲು ಕರಾರನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಡೆವಲಪರ್ ಕಡೆಯವರಿಗಲ್ಲ.

ಇನ್ನೊಂದು ಮಾತು: ಅನುಮೋದಿತ ನಕ್ಷೆ ಕೈಗೆ ಬರುವ ತನಕ ಒಂದು ತೆಂಗಿನ ಮರವನ್ನೂ ಕಡಿಯಲು ಬಿಡಬೇಡಿ. ಲೇಔಟ್ ನಿಂತುಹೋದರೂ ತೋಟದ ಆದಾಯ ಉಳಿದಿರುತ್ತದೆ.